ದೂರದ ದನಿ, ಹತ್ತಿರದ ಕೈ: ಕೊನೆಗಾಲದ ಆರೈಕೆಯ ಒಂದು ಇತಿಹಾಸ

ನಮ್ಮ ಮಹಿಳಾ ವೇದಿಕೆಯ ಇ-ಸ್ಮರಣ ಸಂಚಿಕೆಗೆ ಗುಜರಾತಿಗೆ ಸಂಬಂಧಪಟ್ಟ ಇತಿಹಾಸದ ಲೇಖನವೊಂದು ಬೇಕು ಎಂದು ಸಂಪಾದಕ ಮಂಡಳಿಯ ಗೆಳತಿಯರು ಕೇಳಿದಾಗ ಪಾಟಣದ ರಾಣಿ ಕೀ ವಾವ್, ವಡೋದರೆಯ ಲಕ್ಷ್ಮೀವಿಲಾಸ ಅರಮನೆ, ಸೂರತ್ತಿನ ಹಳೆಯ ಕೋಟೆ ಎಲ್ಲವೂ ಕಣ್ಣ ಮುಂದೆ ಬಂದವು. ಇವುಗಳ ಬಗ್ಗೆ ಓದಲು ಬೇಕಾದಷ್ಟಿದೆ. ಹಾಗಾಗಿ ಈ ಸಲ ನಾನು ಬೇರೆ ವಿಷಯ ಆರಿಸಿಕೊಂಡಿದ್ದೇನೆ. ವಾಸಿಯಾಗದ ಕಾಯಿಲೆಯಿಂದ ಹಳ್ಳಿಯ ಮನೆಯಲ್ಲಿ ಮಲಗಿದವರಿಗೆ ದೂರದ ವೈದ್ಯರ ಸಲಹೆ ಫೋನಿನಲ್ಲಿ ತಲುಪುವ ಕಾಲ ಈಗ ಬಂದಿದೆ. ಅದು ಹೇಗೆ ಬಂತು ಎಂಬುದೇ ಈ ಲೇಖನದ ವಿಷಯ. ಇದರ ಕೆಲವು ಮುಖ್ಯ ಎಳೆಗಳು ನಾವಿರುವ ಈ ನಾಡಿನಲ್ಲೇ ಇವೆ.

ಇದು ನಮ್ಮೆಲ್ಲರ ಮನೆಯ ವಿಷಯವೂ ಹೌದು. ಅಹಮದಾಬಾದ್, ವಡೋದರಾ, ಸೂರತ್ ನಗರಗಳಲ್ಲಿ ನೌಕರಿ, ವ್ಯಾಪಾರ ಎಂದು ನೆಲೆ ನಿಂತ ನಮ್ಮಲ್ಲಿ ಬಹುತೇಕರ ತಂದೆ ತಾಯಿ, ಅತ್ತೆ ಮಾವ ಇನ್ನೂ ಊರಿನಲ್ಲೇ ಇದ್ದಾರೆ. ರಾತ್ರಿ ಹೊತ್ತಲ್ಲದ ಹೊತ್ತಿನಲ್ಲಿ ಊರಿನಿಂದ ಫೋನ್ ಬಂದರೆ ಎದೆ ಧಸಕ್ಕೆನ್ನುತ್ತದೆ. ಸೂರತ್ತಿನ ವಜ್ರದ ಕಾರ್ಖಾನೆಗಳಲ್ಲಿ ದುಡಿಯುವ ಸೌರಾಷ್ಟ್ರದವರಿಗೂ, ಅಲ್ಲಿನ ಮಗ್ಗಗಳಲ್ಲಿ ದುಡಿಯುವ ಒಡಿಶಾದವರಿಗೂ ಇದೇ ಪಾಡು. ಮಕ್ಕಳು ಒಂದು ಕಡೆ, ಹಾಸಿಗೆ ಹಿಡಿದ ಹಿರಿಯರು ಇನ್ನೊಂದು ಕಡೆ.

ಮೊದಲು ಒಂದು ಮಾತು ಸ್ಪಷ್ಟವಾಗಲಿ. ಇಂಗ್ಲಿಷಿನಲ್ಲಿ ಪ್ಯಾಲಿಯೇಟಿವ್ ಕೇರ್ ಎನ್ನುವುದನ್ನು ಕನ್ನಡದಲ್ಲಿ ಉಪಶಾಮಕ ಆರೈಕೆ ಎನ್ನುತ್ತಾರೆ. ಕಾಯಿಲೆಯನ್ನು ಗುಣಪಡಿಸಲು ಆಗದಿದ್ದರೂ ನೋವು, ಉಸಿರಾಟದ ತೊಂದರೆ, ವಾಂತಿ, ಹುಣ್ಣು, ನಿದ್ರೆಯಿಲ್ಲದ ರಾತ್ರಿ, ಮನಸ್ಸಿನ ಭಯ ಇವನ್ನೆಲ್ಲ ಕಡಿಮೆ ಮಾಡುವ ವೈದ್ಯಕೀಯ ಅದು. ಕೈಚೆಲ್ಲಿ ಕೂತವರ ಸಮಾಧಾನದ ಮಾತಲ್ಲ, ಶಿಸ್ತಿನ ಚಿಕಿತ್ಸೆ. ಅದು ಹಳ್ಳಿಯ ಮನೆಗೆ ತಲುಪಬೇಕಾದರೆ ಮೂರು ಬೇಕು: ವೈದ್ಯರ ದನಿ, ನೋವಿನ ಮದ್ದು, ಹತ್ತಿರ ಕೂತು ನೋಡಿಕೊಳ್ಳುವ ಕೈ. ಈ ಮೂರಕ್ಕೂ ಬೇರೆ ಬೇರೆ ಇತಿಹಾಸವಿದೆ.

ಅಹಮದಾಬಾದಿನಿಂದ ಬಿಜಾಪುರಕ್ಕೆ

ದನಿಯ ಕಥೆ ಅಹಮದಾಬಾದಿನಲ್ಲಿ ಶುರುವಾಗುತ್ತದೆ. 1947ರಲ್ಲಿ ವಿಕ್ರಮ್ ಸಾರಾಭಾಯಿ ಅವರು ಇಲ್ಲಿ ಭೌತ ಸಂಶೋಧನಾ ಪ್ರಯೋಗಾಲಯ ಸ್ಥಾಪಿಸಿದರು. ಉಡುಪಿ ಬಳಿಯ ಅದಮಾರಿನಿಂದ ಬಂದ ಹುಡುಗನೊಬ್ಬ ಇಲ್ಲಿ ಸಾರಾಭಾಯಿ ಅವರ ಶಿಷ್ಯನಾಗಿ ಡಾಕ್ಟರೇಟ್ ಪಡೆದ. ಅವರೇ ನಮ್ಮ ಯು. ಆರ್. ರಾವ್. 1975ರ ಏಪ್ರಿಲ್‌ನಲ್ಲಿ ಹಾರಿದ ದೇಶದ ಮೊದಲ ಉಪಗ್ರಹ ಆರ್ಯಭಟವನ್ನು ಕಟ್ಟಿದ ತಂಡದ ಮುಖ್ಯಸ್ಥರು, ಮುಂದೆ 1984ರಿಂದ 1994ರವರೆಗೆ ಇಸ್ರೋ ಅಧ್ಯಕ್ಷರು. ಅವರ ಅವಧಿಯಲ್ಲೇ ನಮ್ಮ ದೇಶದಲ್ಲೇ ತಯಾರಾದ ಇನ್ಸಾಟ್-2 ಸರಣಿಯ ಮೊದಲ ಉಪಗ್ರಹಗಳು ಹಾರಿದವು. ದೂರವೈದ್ಯ, ಅಂದರೆ ಟೆಲಿಮೆಡಿಸಿನ್, ಮುಂದೆ ಹಳ್ಳಿ ಮುಟ್ಟಿದ್ದು ಇನ್ಸಾಟ್ ಉಪಗ್ರಹಗಳ ಬೆನ್ನೇರಿಯೇ.

ಉಪಗ್ರಹ ಇರಬೇಕಾದದ್ದು ಹಳ್ಳಿಯ ಕೆಲಸಕ್ಕೆ ಎಂಬುದು ಸಾರಾಭಾಯಿ ಅವರ ಹಟ. 1967ರಲ್ಲೇ ಅಹಮದಾಬಾದಿನಲ್ಲಿ ಉಪಗ್ರಹ ಸಂಪರ್ಕದ ಪ್ರಾಯೋಗಿಕ ಭೂಕೇಂದ್ರ ಆರಂಭವಾಗಿತ್ತು. 1969ರಲ್ಲಿ ಅಮೆರಿಕದ ನಾಸಾ ಜೊತೆ ಒಪ್ಪಂದವಾಯಿತು. ಅದರ ಫಲ ನೋಡಲು ಅವರು ಉಳಿಯಲಿಲ್ಲ; 1971ರ ಡಿಸೆಂಬರಿನಲ್ಲಿ ತೀರಿಕೊಂಡರು. ಆದರೆ 1975ರ ಆಗಸ್ಟ್ 1ರಿಂದ ಒಂದು ವರ್ಷ ಕಾಲ ಸೈಟ್ ಎಂಬ ಹೆಸರಿನ ಪ್ರಯೋಗ ನಡೆಯಿತು. ನಾಸಾದ ಎಟಿಎಸ್-6 ಉಪಗ್ರಹದ ಮೂಲಕ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಟಿ.ವಿ. ಕಾರ್ಯಕ್ರಮ. ಕೋಳಿಗೂಡಿಗೆ ಹಾಕುವಂಥ ತಂತಿ ಜಾಲರಿಯಿಂದ ಮಾಡಿದ ಮೂರು ಮೀಟರ್ ಅಗಲದ ಆಂಟೆನಾ, ಊರಿಗೆಲ್ಲ ಒಂದೇ ಟಿ.ವಿ. ಬೆಳಿಗ್ಗೆ ಶಾಲಾ ಮಕ್ಕಳಿಗೆ, ಸಂಜೆ ದೊಡ್ಡವರಿಗೆ ಬೇಸಾಯ, ಆರೋಗ್ಯ, ಕುಟುಂಬ ಯೋಜನೆಯ ಪಾಠ.

ಆ ಆರು ರಾಜ್ಯಗಳಲ್ಲಿ ಕರ್ನಾಟಕವೂ ಒಂದು. ಆರಿಸಿದ ಜಿಲ್ಲೆಗಳು ಬಿಜಾಪುರ, ಗುಲ್ಬರ್ಗ, ರಾಯಚೂರು. ಬೆಂಗಳೂರಿನ ಜನ ಮನೆಯಲ್ಲಿ ಟಿ.ವಿ. ಕಾಣುವ ಮೊದಲೇ ನಮ್ಮ ಉತ್ತರ ಕರ್ನಾಟಕದ ಹಳ್ಳಿಗಳು ಆಕಾಶದಿಂದ ಬಂದ ಚಿತ್ರ ನೋಡಿದವು! ನಮ್ಮ ಅತ್ತೆ ಬಿಜಾಪುರ ಜಿಲ್ಲೆಯ ಆ ಕಡೆಯವರು. ಮದುವೆಯಾಗಿ ಬಂದ ಹೊಸದರಲ್ಲಿ ಶಾಲೆಯ ಅಂಗಳದಲ್ಲಿ ಸೆರಗು ಹೊದ್ದು ಹಿಂದಿನ ಸಾಲಿನಲ್ಲಿ ಕೂತು ಟಿ.ವಿ. ನೋಡಿದ್ದನ್ನು ಅವರು ಎಷ್ಟೋ ಸಲ ಹೇಳುತ್ತಿದ್ದರು. “ಅವರು ಮಾತಾಡ್ತಿದ್ರು, ನಾವು ಕೇಳ್ತಿದ್ವಿ. ನಾವು ಕೇಳಿದ್ದು ಅವರಿಗೆ ಎಲ್ಲಿ ಕೇಳ್ಬೇಕು?” ಎಂದು ನಗುತ್ತಿದ್ದರು.

ಅತ್ತೆಯ ಆ ನಗೆಮಾತಿನಲ್ಲಿ ಸೈಟ್‌ನ ಮಿತಿ ಅಡಗಿದೆ. ಅದು ಒಂದೇ ದಿಕ್ಕಿನ ಮಾತು. ಹಳ್ಳಿಗೆ ನಗರ ಕೇಳಿಸಿತು, ನಗರಕ್ಕೆ ಹಳ್ಳಿ ಕೇಳಿಸಲಿಲ್ಲ. ಇದನ್ನು ತಿದ್ದುವ ಪ್ರಯತ್ನವೂ ಗುಜರಾತಿನಲ್ಲೇ ನಡೆಯಿತು. ಅಹಮದಾಬಾದಿನಿಂದ ವಡೋದರೆಗೆ ಬರುವ ದಾರಿಯಲ್ಲಿ, ನಡಿಯಾದ್ ಹತ್ತಿರದ ಪಿಜ್ ಎಂಬ ಹಳ್ಳಿಯಲ್ಲಿ ಪ್ರಸಾರ ಕೇಂದ್ರವಿಟ್ಟು ಖೇಡಾ ಸಂಪರ್ಕ ಯೋಜನೆ ನಡೆಸಿದರು. ಅಲ್ಲಿನ ತಂಡ ಹಳ್ಳಿಗೆ ಹೋಗಿ, ಜನರ ಕಷ್ಟ ಕೇಳಿ, ಆ ಚರೋತರ ಸೀಮೆಯ ಆಡುಮಾತಿನಲ್ಲೇ ಕಾರ್ಯಕ್ರಮ ಮಾಡಿತು. 1984ರಲ್ಲಿ ಇದಕ್ಕೆ ಯುನೆಸ್ಕೋದ ಗ್ರಾಮೀಣ ಸಂವಹನ ಪ್ರಶಸ್ತಿ ಬಂತು. ಊರಿನ ಮಾತಿನಲ್ಲೇ ಮಾತಾಡಿದರೆ ಜನ ಮನಸ್ಸು ಬಿಚ್ಚುತ್ತಾರೆ ಎಂಬ ಪಾಠ ಅಲ್ಲಿ ಸಿಕ್ಕಿತು. ಈ ಪಾಠಕ್ಕೆ ಮುಂದೆ ಮತ್ತೆ ಬರುತ್ತೇನೆ.

ಎರಡೂ ದಿಕ್ಕಿನ ಮಾತು ವೈದ್ಯಕೀಯಕ್ಕೆ ಬಂದದ್ದು ಹೊಸ ಶತಮಾನದ ಹೊಸ್ತಿಲಲ್ಲಿ. 2001ರ ಜನವರಿ 26ರ ಭೂಕಂಪವನ್ನು ಇಲ್ಲಿ ಆಗಲೇ ಇದ್ದ ನಮ್ಮವರಾರೂ ಮರೆಯಲಾರರು. ಭುಜ್‌ನ ಆಸ್ಪತ್ರೆಯೇ ಕುಸಿದಿತ್ತು. ಆಗ ಅಹಮದಾಬಾದಿನ ಆನ್‌ಲೈನ್ ಟೆಲಿಮೆಡಿಸಿನ್ ರಿಸರ್ಚ್ ಇನ್‌ಸ್ಟಿಟ್ಯೂಟ್ ಎಂಬ ಸಂಸ್ಥೆ ಉಪಗ್ರಹದ ಮೂಲಕ ಭುಜ್ ಮತ್ತು ಅಹಮದಾಬಾದಿನ ವೈದ್ಯರ ನಡುವೆ ಸಂಪರ್ಕ ಏರ್ಪಡಿಸಿತು. ಅದೇ ವರ್ಷ ಇಸ್ರೋ ತನ್ನ ದೂರವೈದ್ಯ ಯೋಜನೆ ಆರಂಭಿಸಿ ಚೆನ್ನೈನ ಅಪೋಲೊ ಆಸ್ಪತ್ರೆಯನ್ನು ಚಿತ್ತೂರು ಜಿಲ್ಲೆಯ ಅರಗೊಂಡ ಎಂಬ ಹಳ್ಳಿಯ ಆಸ್ಪತ್ರೆಗೆ ಜೋಡಿಸಿತು. ಬಳಿಕ ಬೆಂಗಳೂರಿನ ನಾರಾಯಣ ಹೃದಯಾಲಯಕ್ಕೆ ಚಾಮರಾಜನಗರದ ಜಿಲ್ಲಾಸ್ಪತ್ರೆಯೂ, ಆಗ ಹೆಗ್ಗಡದೇವನಕೋಟೆ ತಾಲ್ಲೂಕಿಗೆ ಸೇರಿದ್ದ ಸರಗೂರಿನಲ್ಲಿ ಸ್ವಾಮಿ ವಿವೇಕಾನಂದ ಯೂತ್ ಮೂವ್‌ಮೆಂಟ್ ನಡೆಸುವ ಆಸ್ಪತ್ರೆಯೂ ಜೋಡಣೆಯಾದವು. ಕಾಡಂಚಿನ ಊರಿನ ರೋಗಿಯ ಇಸಿಜಿಯನ್ನು ಬೆಂಗಳೂರಿನ ಹೃದಯತಜ್ಞರು ಕೂತಲ್ಲೇ ನೋಡುವಂತಾಯಿತು.

ಆದರೆ ಆ ಕಾಲದ ದೂರವೈದ್ಯ ಆಸ್ಪತ್ರೆಯಿಂದ ಆಸ್ಪತ್ರೆಗೆ ಇದ್ದದ್ದು. ಹಾಸಿಗೆ ಹಿಡಿದವರು ಆ ಆಸ್ಪತ್ರೆಯವರೆಗೂ ಬರಲಾರರು. ಅವರ ಮಂಚದ ಬದಿಗೇ ದನಿ ತಲುಪಲು ಅಗ್ಗದ ಮೊಬೈಲು, ಅಗ್ಗದ ಇಂಟರ್‌ನೆಟ್ ಬರುವವರೆಗೆ ಕಾಯಬೇಕಾಯಿತು.

ಗಸಗಸೆ ಗಿಡದ ಕಥೆ

ಇನ್ನು ಮದ್ದಿನ ಕಥೆ. ಹಬ್ಬದ ದಿನ ನಾವು ಗಸಗಸೆ ಪಾಯಸ ಮಾಡುತ್ತೇವಲ್ಲ, ಆ ಗಸಗಸೆ ಬರುವ ಗಿಡದ ಎಳೆಯ ಕಾಯಿಯನ್ನು ಗೀರಿದಾಗ ಒಸರುವ ಹಾಲೇ ಅಫೀಮು. ಹತ್ತೊಂಬತ್ತನೇ ಶತಮಾನದ ಆರಂಭದಲ್ಲಿ ಜರ್ಮನಿಯ ಔಷಧ ತಯಾರಕ ಸೆರ್ಟುರ್ನರ್ ಆ ಅಫೀಮಿನಿಂದ ಬೇರ್ಪಡಿಸಿದ ಸಾರವೇ ಮಾರ್ಫಿನ್. ಕ್ಯಾನ್ಸರಿನ ತೀವ್ರ ನೋವಿಗೆ ಇವತ್ತಿಗೂ ಮುಖ್ಯ ಮದ್ದು ಅದೇ.

ಗುಜರಾತಿಗೆ ಅಫೀಮು ಹೊಸದಲ್ಲ. ಹದಿನಾರು, ಹದಿನೇಳನೇ ಶತಮಾನಗಳಲ್ಲಿ ಮಾಳವದಲ್ಲಿ ಬೆಳೆದ ಅಫೀಮು ಖಂಭಾತ್ ಮತ್ತು ಸೂರತ್ ಬಂದರುಗಳಿಂದ ಹಡಗೇರಿ ಪೂರ್ವ ದೇಶಗಳಿಗೆ ಹೋಗುತ್ತಿತ್ತು. ಕಚ್ಛ್ ಮತ್ತು ಸೌರಾಷ್ಟ್ರದ ಕಡೆ ಅತಿಥಿ ಬಂದರೆ ಅಫೀಮನ್ನು ನೀರಿನಲ್ಲಿ ಕದಡಿ ಅಂಗೈಯಲ್ಲಿ ಹಾಕಿ ಕುಡಿಸುವ ಕಸುಂಬೋ ಎಂಬ ಪದ್ಧತಿ ಇತ್ತು. ಹಳೆಯ ಜಗಳ ಮರೆತು ರಾಜಿಯಾಗುವಾಗಲೂ ಕಸುಂಬೋ. ಅದೇ ಅಫೀಮು ಚಟವಾಗಿ ಎಷ್ಟೋ ಮನೆಗಳನ್ನು ತೆಗೆದದ್ದೂ ನಿಜ. ಹಾಗಾಗಿ ಕಾನೂನು ಬಂದದ್ದರಲ್ಲಿ ಅರ್ಥವಿದೆ.

1985ರಲ್ಲಿ ಮಾದಕ ವಸ್ತುಗಳ ನಿಯಂತ್ರಣ ಕಾಯ್ದೆ ಜಾರಿಯಾಯಿತು. ಅದರ ಗುರಿ ಕಳ್ಳಸಾಗಣೆದಾರರು. ಪೆಟ್ಟು ಬಿದ್ದದ್ದು ನೋವಿನಲ್ಲಿರುವ ರೋಗಿಗಳಿಗೂ. ಮಾರ್ಫಿನ್ ಇಟ್ಟುಕೊಳ್ಳಲು ಆಸ್ಪತ್ರೆಗಳು ಬೇರೆ ಬೇರೆ ಇಲಾಖೆಗಳಿಂದ ನಾಲ್ಕೈದು ಪರವಾನಗಿ ಪಡೆಯಬೇಕಿತ್ತು, ಅವೆಲ್ಲ ಒಂದೇ ಕಾಲಕ್ಕೆ ಚಾಲ್ತಿಯಲ್ಲಿರಬೇಕಿತ್ತು. ಲೆಕ್ಕದಲ್ಲಿ ಸಣ್ಣ ವ್ಯತ್ಯಾಸವಾದರೂ ಜೈಲು ಎಂಬ ಭಯ ಬೇರೆ. ಔಷಧದಂಗಡಿಗಳು ಮಾರ್ಫಿನ್ ಇಡುವುದನ್ನೇ ಬಿಟ್ಟವು. ದೇಶದಲ್ಲಿ ಮಾರ್ಫಿನ್ ಬಳಕೆ 12 ವರ್ಷಗಳಲ್ಲಿ ಶೇಕಡಾ 90ಕ್ಕಿಂತ ಹೆಚ್ಚು ಕುಸಿದು, 1997ರಲ್ಲಿ ಇಡೀ ದೇಶಕ್ಕೆ ಬರೀ 18 ಕಿಲೋಗೆ ಇಳಿಯಿತು. ವಿಪರ್ಯಾಸವೆಂದರೆ ಔಷಧಕ್ಕಾಗಿ ಕಾನೂನುಬದ್ಧವಾಗಿ ಅಫೀಮು ಬೆಳೆದು ಹೊರದೇಶಗಳಿಗೆ ಕಳಿಸುವುದರಲ್ಲಿ ಭಾರತವೇ ಮುಂದು. ನಮ್ಮ ಪಕ್ಕದ ಮಧ್ಯಪ್ರದೇಶದ ನೀಮಚ್‌ನಲ್ಲಿ ಸರಕಾರದ್ದೇ ಅಫೀಮು ಕಾರ್ಖಾನೆಯಿದೆ. ಹೊಲದಲ್ಲಿ ಬೆಳೆ, ಮನೆಯಲ್ಲಿ ನರಳಾಟ.

ಇದೇ ಸಮಯದಲ್ಲಿ, 1986ರಲ್ಲಿ, ವಿಶ್ವ ಆರೋಗ್ಯ ಸಂಸ್ಥೆ ಕ್ಯಾನ್ಸರ್ ನೋವಿಗೆ ಮೆಟ್ಟಿಲು ಮೆಟ್ಟಿಲಾಗಿ ಮದ್ದು ಕೊಡುವ ಕ್ರಮ ಪ್ರಕಟಿಸಿ, ಬಾಯಿಂದ ನುಂಗುವ ಮಾರ್ಫಿನ್ ಬಳಸಿರಿ ಎಂದು ಜಗತ್ತಿಗೆಲ್ಲ ಹೇಳುತ್ತಿತ್ತು. ವೈದ್ಯರು ಹೇಳಿದ ಅಳತೆಯಲ್ಲಿ ನೋವಿಗಾಗಿ ತೆಗೆದುಕೊಂಡಾಗ ಅದು ಚಟವಾಗುವುದು ಅಪರೂಪ. ಮಲಬದ್ಧತೆ ಮಾತ್ರ ಖಂಡಿತ, ಅದಕ್ಕೆ ಜೊತೆಗೇ ಮದ್ದು ಕೊಡುತ್ತಾರೆ. ಕೇರಳದ ಡಾ. ಎಂ. ಆರ್. ರಾಜಗೋಪಾಲ್ ಮತ್ತು ಸಂಗಡಿಗರು ವರ್ಷಾನುಗಟ್ಟಲೆ ಸರಕಾರದ ಬೆನ್ನು ಬಿದ್ದರು. ಕೊನೆಗೆ 2014ರಲ್ಲಿ ಕಾಯ್ದೆಗೆ ತಿದ್ದುಪಡಿಯಾಯಿತು. ಮಾರ್ಫಿನ್ ಸೇರಿ ಆರು ಔಷಧಗಳನ್ನು ಅತ್ಯಗತ್ಯವೆಂದು ಗುರುತಿಸಿ, ಮಾನ್ಯತೆ ಪಡೆದ ಆಸ್ಪತ್ರೆಗಳು ರಾಜ್ಯದ ಔಷಧ ನಿಯಂತ್ರಕರ ಒಂದೇ ಅನುಮತಿಯಿಂದ ಅವನ್ನು ಇಟ್ಟುಕೊಳ್ಳುವಂತಾಯಿತು. ಇವತ್ತಿಗೂ ಎಲ್ಲ ತಾಲ್ಲೂಕುಗಳಲ್ಲಿ ಅಂಥ ಆಸ್ಪತ್ರೆ ಇಲ್ಲ.

ಹತ್ತಿರ ಕೂತವರು

ಮೂರನೆಯದು ಕೈ. ಈ ಇತಿಹಾಸದಲ್ಲಿ ಹೆಣ್ಣುಮಕ್ಕಳ ಹೆಸರುಗಳೇ ಹೆಚ್ಚು ಎಂಬುದು ನಮ್ಮ ವೇದಿಕೆಗೆ ಹೆಮ್ಮೆಯ ವಿಷಯ. ಲಂಡನ್ನಿನಲ್ಲಿ ಮೊದಲು ನರ್ಸ್ ಆಗಿ, ಆಮೇಲೆ ಆಸ್ಪತ್ರೆಯ ಸಮಾಜ ಕಾರ್ಯಕರ್ತೆಯಾಗಿ, ಕೊನೆಗೆ ವೈದ್ಯೆಯಾದ ಸಿಸಿಲಿ ಸೌಂಡರ್ಸ್ 1967ರಲ್ಲಿ ಸೇಂಟ್ ಕ್ರಿಸ್ಟೋಫರ್ಸ್ ಹಾಸ್ಪಿಸ್ ಆರಂಭಿಸಿದರು. ನೋವೆಂದರೆ ಬರೀ ಮೈಯದಲ್ಲ. ಮನಸ್ಸಿನದು, ಸಂಸಾರದ್ದು, ದುಡ್ಡಿನದು ಎಲ್ಲ ಸೇರಿದ್ದು ಎಂದು ಅವರು ತೋರಿಸಿಕೊಟ್ಟರು.

ಭಾರತದ ಮೊದಲ ಹಾಸ್ಪಿಸ್ 1986ರಲ್ಲಿ ಮುಂಬಯಿಯಲ್ಲಿ ಬಂದ ಶಾಂತಿ ಆವೇದನಾ. ಅದೇ ದಶಕದಲ್ಲಿ ಅಹಮದಾಬಾದಿನ ಗುಜರಾತ್ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯಲ್ಲಿ ಅರಿವಳಿಕೆ ವಿಭಾಗದ ವೈದ್ಯರು ನೋವಿನ ಕ್ಲಿನಿಕ್ ತೆರೆದರು. ದೇಶದ ಆರಂಭದ ಪ್ರಯತ್ನಗಳಲ್ಲಿ ಅದೂ ಒಂದು. 1994ರಲ್ಲಿ ಭಾರತೀಯ ಉಪಶಾಮಕ ಆರೈಕೆ ಸಂಘ ನೋಂದಣಿಯಾದದ್ದೂ ಅಹಮದಾಬಾದಿನಲ್ಲೇ. ಇದೇ ನಗರದಲ್ಲಿ ಎಷ್ಟೋ ವರ್ಷಗಳಿಂದ ಇರುವ ನಮ್ಮವರಿಗೂ ಇದು ಗೊತ್ತಿರಲಿಕ್ಕಿಲ್ಲ.

ವಡೋದರಾ ಜಿಲ್ಲೆಯ ವಾಘೋಡಿಯಾ ತಾಲ್ಲೂಕಿನ ಗೋರಜ್ ಎಂಬ ಹಳ್ಳಿಗೆ ನಮ್ಮಲ್ಲಿ ಕೆಲವರು ಹೋಗಿರಬಹುದು. 1970ರ ದಶಕದ ಕೊನೆಯಲ್ಲಿ ಅನುಬೆನ್ ಠಕ್ಕರ್ ಎಂಬ ಹೆಣ್ಣುಮಗಳು ಅಲ್ಲಿನ ಆದಿವಾಸಿ ಮಕ್ಕಳಿಗಾಗಿ ಬಾಲವಾಡಿ ನಡೆಸುತ್ತ ಮುನಿ ಸೇವಾ ಆಶ್ರಮ ಕಟ್ಟಿದರು. ಬಾಲವಾಡಿಯಿಂದ ಶಾಲೆ, ಆಸ್ಪತ್ರೆ, ವೃದ್ಧರ ಮನೆ ಎಂದು ಬೆಳೆದು 2001ರಲ್ಲಿ ಅಲ್ಲಿ ಕೈಲಾಸ್ ಕ್ಯಾನ್ಸರ್ ಆಸ್ಪತ್ರೆಯೂ ಆಯಿತು. ಕ್ಯಾನ್ಸರ್ ಆಸ್ಪತ್ರೆ ಎಂದರೆ ದೊಡ್ಡ ನಗರದಲ್ಲೇ ಇರಬೇಕು ಎಂಬ ನಂಬಿಕೆಯನ್ನು ಆಕೆ ಒಪ್ಪಲಿಲ್ಲ.

ದೆಹಲಿಯಲ್ಲಿ ತಾವೇ ಕ್ಯಾನ್ಸರ್ ಗೆದ್ದು ಬಂದ ಹರ್ಮಲಾ ಗುಪ್ತಾ ಕ್ಯಾನ್‌ಸಪೋರ್ಟ್ ಸಂಸ್ಥೆ ಕಟ್ಟಿ, 1997ರಿಂದ ರೋಗಿಗಳ ಮನೆಗೇ ವೈದ್ಯರನ್ನು, ನರ್ಸ್‌ಗಳನ್ನು ಕಳಿಸತೊಡಗಿದರು. ಬೆಂಗಳೂರಿನಲ್ಲಿ 1994ರಲ್ಲಿ ಹುಟ್ಟಿದ ಹಾಸ್ಪಿಸ್ ಟ್ರಸ್ಟ್ 1999ರಲ್ಲಿ ಕರುಣಾಶ್ರಯವನ್ನು ತೆರೆಯಿತು. ಅಲ್ಲಿ ಯಾರಿಂದಲೂ ಹಣ ಪಡೆಯುವುದಿಲ್ಲ. ಸರಗೂರಿನ ಅದೇ ಯೂತ್ ಮೂವ್‌ಮೆಂಟ್ ಮುಂದೆ ಮೈಸೂರಿನಲ್ಲಿ ಮನೆಮನೆಗೆ ಹೋಗಿ ಉಪಶಾಮಕ ಆರೈಕೆ ಕೊಡುವ ಕೆಲಸಕ್ಕಿಳಿಯಿತು. ಕೇರಳವಂತೂ 2001ರಿಂದ ನೆರೆಹೊರೆಯ ಸ್ವಯಂಸೇವಕರ ಜಾಲವನ್ನೇ ಹೆಣೆದು, 2008ರಲ್ಲಿ ರಾಜ್ಯದ ನೀತಿಯನ್ನು ಪ್ರಕಟಿಸಿತು. ಅಲ್ಲಿ ಪಂಚಾಯಿತಿಯ ನರ್ಸ್ ಮನೆಗೆ ಬರುತ್ತಾಳೆ. ಕರ್ನಾಟಕ 2016ರಲ್ಲಿ ತನ್ನ ನೀತಿ ರೂಪಿಸಿತು. ಕೇಂದ್ರದ ಆಯುಷ್ಮಾನ್ ಭಾರತ್ ಯೋಜನೆಯಡಿ ಹಳ್ಳಿಯ ಆರೋಗ್ಯ ಕೇಂದ್ರಗಳು ಕೊಡಬೇಕಾದ 12 ಬಗೆಯ ಸೇವೆಗಳಲ್ಲಿ ವೃದ್ಧರ ಮತ್ತು ಉಪಶಾಮಕ ಆರೈಕೆಯೂ ಸೇರಿದೆ. ಕಾಗದದ ಮೇಲೆ ಇದು ದೊಡ್ಡ ಗೆಲುವು.

2020ರ ಮಾರ್ಚ್ 25

ದೇಶವೆಲ್ಲ ಲಾಕ್‌ಡೌನ್ ಆದ ಅದೇ ದಿನ, 2020ರ ಮಾರ್ಚ್ 25ರಂದು, ಸರಕಾರ ದೂರವೈದ್ಯದ ಮಾರ್ಗಸೂಚಿ ಪ್ರಕಟಿಸಿತು. ಅಲ್ಲಿಯವರೆಗೆ ಫೋನಿನಲ್ಲಿ ರೋಗಿಗೆ ಮದ್ದು ಹೇಳುವುದು ಸರಿಯೋ ತಪ್ಪೋ ಎಂಬ ಅಳುಕು ವೈದ್ಯರಿಗಿತ್ತು. ಆ ದಿನದಿಂದ ನಿಯಮ ಸ್ಪಷ್ಟವಾಯಿತು. ಏಪ್ರಿಲಿನಲ್ಲಿ ಇ-ಸಂಜೀವನಿಯ ಹೊರರೋಗಿ ಸೇವೆ ಬಂತು. ಮನೆಯಿಂದಲೇ ವೈದ್ಯರನ್ನು ಉಚಿತವಾಗಿ ಕಾಣಬಹುದು. ಹಳ್ಳಿಯ ಆರೋಗ್ಯ ಕೇಂದ್ರದ ಅಧಿಕಾರಿ ರೋಗಿಯ ಪಕ್ಕ ಕೂತು ದೊಡ್ಡಾಸ್ಪತ್ರೆಯ ವೈದ್ಯರೊಂದಿಗೆ ಮಾತಾಡುವ ಇನ್ನೊಂದು ಬಗೆಯೂ ಅದರಲ್ಲಿದೆ.

ಆದರೆ ಆ ಮಾರ್ಗಸೂಚಿಯಲ್ಲಿ ನಿಷೇಧದ ಪಟ್ಟಿಯೊಂದಿದೆ. ಮಾದಕ ವಸ್ತು ಕಾಯ್ದೆಯಡಿ ಬರುವ ಮದ್ದುಗಳನ್ನು ದೂರದಿಂದ ಬರೆದುಕೊಡುವಂತಿಲ್ಲ. ಮಾರ್ಫಿನ್ ಕೂಡ ಅದರಲ್ಲಿ ಸೇರಿತು. ದನಿ ಮಂಚದ ಬದಿಗೆ ಬಂತು, ಮದ್ದು ಮಾತ್ರ ಪೇಟೆಯಲ್ಲೇ ಉಳಿಯಿತು.

ಇದರ ಅರ್ಥ ನಮ್ಮ ಮನೆಯಲ್ಲೇ ನನಗೆ ತಿಳಿಯಿತು. 2022ರಲ್ಲಿ ಅತ್ತೆಗೆ ಗರ್ಭಕೋಶದ ಕೊರಳಿನ ಕ್ಯಾನ್ಸರ್ ಮರುಕಳಿಸಿತು. ಊರಿನ ಹತ್ತಿರದ ನಗರದ ಆಸ್ಪತ್ರೆಯಲ್ಲಿ “ಇನ್ನೇನೂ ಮಾಡುವಂಗಿಲ್ಲ, ಮನೆಗೆ ಕರಕೊಂಡು ಹೋಗ್ರಿ” ಎಂದರು. ನೋವಿಗೆ ಏನು ಎಂದು ಮೈದುನ ಕೇಳಿದ್ದಕ್ಕೆ ಸಾಧಾರಣ ನೋವಿನ ಗುಳಿಗೆ ಬರೆದುಕೊಟ್ಟರು. ಆಮೇಲೆ ಪರಿಚಯದವರ ಮೂಲಕ ಉಪಶಾಮಕ ಆರೈಕೆಯ ವೈದ್ಯೆಯೊಬ್ಬರ ಸಂಪರ್ಕ ಸಿಕ್ಕಿತು. ಅವರು ಮೊದಲ ಸಲ ಕಾರಿನಲ್ಲಿ ಮಲಗಿಸಿಕೊಂಡಾದರೂ ಒಮ್ಮೆ ಕರೆತನ್ನಿ ಎಂದರು. ಖುದ್ದಾಗಿ ನೋಡಿ ಮಾರ್ಫಿನ್ ಬರೆದರು. ಅಲ್ಲಿಂದ ಮುಂದೆ ವಾರಕ್ಕೊಮ್ಮೆ ವಿಡಿಯೋ ಕರೆ: ಊರಿನಲ್ಲಿ ಅತ್ತೆ, ನಗರದಲ್ಲಿ ವೈದ್ಯೆ, ವಡೋದರೆಯಲ್ಲಿ ನಾನು ಮತ್ತು ನನ್ನ ಯಜಮಾನರು. ಮದ್ದು ಮುಗಿಯುವ ಮೊದಲು ಮೈದುನನೇ ಬಸ್ಸು ಹತ್ತಿ ಹೋಗಿ ಹೊಸ ಚೀಟಿ, ಹೊಸ ಮದ್ದು ತರುತ್ತಿದ್ದ.

ಮೊದಲ ಎರಡು ಕರೆಗಳಲ್ಲಿ ಫೋನ್ ಹಿಡಿದವನು ಮೈದುನನ ಮಗ. ವೈದ್ಯೆ ಏನು ಕೇಳಿದರೂ ಅತ್ತೆ “ಆರಾಮ ಅದೀನ್ರಿ” ಎನ್ನುತ್ತಿದ್ದರು. ಮೂರನೇ ಕರೆಗೆ ವೈದ್ಯೆಯೇ ಹೇಳಿದರು, ಗಂಡಸರು ಸ್ವಲ್ಪ ಹೊರಗೆ ಹೋಗಲಿ, ಸೊಸೆ ಫೋನ್ ಹಿಡಿಯಲಿ ಎಂದು. ನನ್ನ ನೆಗೆಣ್ಣಿ ಬಾಗಿಲು ಹಾಕಿ ಕೂತಳು. ಆಗ ಅತ್ತೆಯ ಬಾಯಿಂದ ಮಾತು ಬಂತು. “ಖಾರಾ ಹಚ್ಚಿಧಂಗ ಉರೀತದರಿ. ವಾಸನೀ ಬರ್ತದ, ಯಾರೂ ಹತ್ರ ಬರಬಾರದು ಅನಸ್ತದ.” ಮೂರು ವಾರ ಅವರು ಮುಚ್ಚಿಟ್ಟಿದ್ದು ನೋವನ್ನಷ್ಟೇ ಅಲ್ಲ, ನಾಚಿಕೆಯನ್ನು.

ವೈದ್ಯೆಗೆ ಅಷ್ಟು ಸಾಕಾಯಿತು. ಚುಚ್ಚುವ, ಭಾರವಾದ ನೋವು ಬೇರೆ, ಉರಿಯುವ ಮತ್ತು ಮಿಂಚಿನಂತೆ ಸೆಳೆಯುವ ನೋವು ಬೇರೆ. ಉರಿ ಎಂದರೆ ನರದ ನೋವು ಇರಬಹುದು, ಅದಕ್ಕೆ ಜೊತೆಗೆ ಬೇರೆ ಮದ್ದು ಬೇಕು ಎಂದು ವಿವರಿಸಿದರು. ವಾಸನೆಗೂ ಉಪಾಯ ಹೇಳಿಕೊಟ್ಟರು. ನೆಗೆಣ್ಣಿಗೆ ಹಾಸಿಗೆಯಲ್ಲಿ ಮಗ್ಗುಲು ಬದಲಿಸುವುದು, ಬೆನ್ನಿಗೆ ಹುಣ್ಣಾಗದಂತೆ ನೋಡಿಕೊಳ್ಳುವುದು, ಬಾಯಿ ಒದ್ದೆ ಮಾಡುವುದು ಎಲ್ಲವನ್ನೂ ಕಣ್ಣೆದುರೇ ಮಾಡಿಸಿ ತಿದ್ದಿದರು. ಊರಿನ ಆಶಾ ಕಾರ್ಯಕರ್ತೆಯೂ ಎರಡು ಸಲ ಬಂದು ಕಲಿತುಕೊಂಡು ಹೋದಳು. ಮುಂದಿನ ವಾರ ಅತ್ತೆ ಫೋನಿನಲ್ಲಿ, “ಯವ್ವಾ, ನಿನ್ನೆ ರಾತ್ರಿ ಪೂರಾ ನಿದ್ದಿ ಹತ್ತಿತ್ತು ನೋಡು” ಎಂದರು. ನಾಲ್ಕು ತಿಂಗಳ ನಂತರ ತಮ್ಮ ಮನೆಯಲ್ಲೇ, ತಮ್ಮ ಹಾಸಿಗೆಯಲ್ಲೇ ತೀರಿಕೊಂಡರು. ಹದಿನೈದು ದಿನ ಬಿಟ್ಟು ವೈದ್ಯೆ ಇನ್ನೊಮ್ಮೆ ಫೋನ್ ಮಾಡಿದರು, ಈ ಸಲ ನೆಗೆಣ್ಣಿಗಾಗಿ. “ನೀವು ನಿದ್ದೆ ಮಾಡ್ತಿದೀರಾ?” ಎಂದು ಕೇಳಿದರಂತೆ. ಆ ನಾಲ್ಕು ತಿಂಗಳಲ್ಲಿ ಅವಳನ್ನು ಯಾರೂ ಹಾಗೆ ಕೇಳಿರಲಿಲ್ಲ.

ಇತಿಹಾಸದಿಂದ ಕಲಿತದ್ದು

ಸೈಟ್‌ನಿಂದ ಇ-ಸಂಜೀವನಿಯವರೆಗಿನ ಈ ಕಥೆ ಬರೆಯುತ್ತ ನನಗೆ ಖಚಿತವಾದದ್ದು ಇಷ್ಟು: ಯಂತ್ರ ಪ್ರತಿ ಸಲವೂ ನಾವಂದುಕೊಂಡದ್ದಕ್ಕಿಂತ ಬೇಗ ಬಂತು. ತಡವಾದದ್ದು ಮದ್ದಿನ ಕಾನೂನು. ಲೆಕ್ಕಕ್ಕೇ ಬಾರದೆ ಉಳಿದದ್ದು ಮಂಚದ ಪಕ್ಕ ಎದ್ದು ಕೂತಿರುವ ಹೆಣ್ಣುಮಗಳ ಕೆಲಸ. ಫೋನಿನಲ್ಲಿ ವೈದ್ಯರು “ಮಗ್ಗುಲು ಬದಲಿಸಿ” ಎಂದಾಗ ಬದಲಿಸುವ ಕೈ ಅವಳದು. ಅವಳಿಗೆ ಕಲಿಸದೆ, ಅವಳಿಗೆ ಬಿಡುವು ಕೊಡದೆ ದೂರವೈದ್ಯ ನಡೆಯುವುದಿಲ್ಲ. ಆ ಫೋನ್ ಮನೆಯ ಗಂಡಸಿನ ಜೇಬಿನಲ್ಲೇ ಇರುವವರೆಗೆ ಹೆಂಗಸಿನ ನೋವು ಪೂರ್ತಿ ಕೇಳಿಸುವುದೂ ಇಲ್ಲ.

ದೂರದಲ್ಲಿರುವ ನಾವು ಮಾಡಬಹುದಾದ ಕೆಲವು ಕೆಲಸಗಳಿವೆ. ಊರಿನ ಜಿಲ್ಲೆಯಲ್ಲಿ ಮಾರ್ಫಿನ್ ಇಡುವ ಮಾನ್ಯತೆ ಯಾವ ಆಸ್ಪತ್ರೆಗಿದೆ ಎಂದು ಮನೆಯಲ್ಲಿ ಕಷ್ಟ ಬರುವ ಮೊದಲೇ ವಿಚಾರಿಸಿಟ್ಟುಕೊಳ್ಳೋಣ. ನಡೆದಾಡುವ ಶಕ್ತಿ ಇರುವಾಗಲೇ ಒಮ್ಮೆ ವೈದ್ಯರಿಗೆ ಖುದ್ದಾಗಿ ತೋರಿಸಿದರೆ ಮುಂದಿನದನ್ನು ಫೋನಿನಲ್ಲಿ ನಡೆಸುವುದು ಸುಲಭ. ವಿಡಿಯೋ ಕರೆಯಲ್ಲಿ ಸ್ವಲ್ಪ ಹೊತ್ತಾದರೂ ರೋಗಿಯೊಬ್ಬರೇ, ಅಥವಾ ಅವರಿಗೆ ಸಂಕೋಚವಿಲ್ಲದವರ ಜೊತೆ, ಮಾತಾಡುವಂತಿರಲಿ. ನೋಡಿಕೊಳ್ಳುತ್ತಿರುವ ಅತ್ತಿಗೆ, ನಾದಿನಿ, ನೆಗೆಣ್ಣಿಯನ್ನು “ಅಮ್ಮ ಹೇಗಿದ್ದಾರೆ” ಎಂದು ಕೇಳಿದ ಮೇಲೆ “ನೀನು ಹೇಗಿದ್ದೀಯ” ಎಂದೂ ಕೇಳೋಣ. ವರ್ಷಕ್ಕೆ ಒಂದು ವಾರವಾದರೂ ಹೋಗಿ ಅವಳ ಜಾಗದಲ್ಲಿ ಕೂರೋಣ.

ಇನ್ನೊಂದು ಕೆಲಸ ನಮ್ಮ ವೇದಿಕೆಗೇ ಹೊಂದುವಂಥದ್ದು. ನಮ್ಮಲ್ಲಿ ಎಷ್ಟೋ ಜನ ಹಾಸಿಗೆ ಹಿಡಿದ ತಂದೆ ತಾಯಿಯನ್ನು ಇಲ್ಲಿಗೇ ಕರೆತಂದಿದ್ದೇವೆ. ಆ ಹಿರಿಯರಿಗೆ ಗುಜರಾತಿ ಬಾರದು, ಹಿಂದಿ ಅಷ್ಟಕ್ಕಷ್ಟೆ. ಇಲ್ಲಿನ ವೈದ್ಯರು ಒಳ್ಳೆಯವರೇ, ಆದರೆ “ದರ್ದ್ ಹೈ?” ಎಂಬ ಪ್ರಶ್ನೆಗೆ ಹಿರಿಯರು ತಲೆಯಾಡಿಸುತ್ತಾರೆ, ಅಷ್ಟೇ. ಉರೀತದ, ಚುಚ್ಚತದ, ಜಗ್ಗತದ, ಸೆಳೀತದ, ಮುಳ್ಳು ಆಡಿಸಿಧಂಗ ಆಗ್ತದ ಎಂಬ ಮಾತುಗಳು ಒಂದೊಂದೂ ಒಂದೊಂದು ಮದ್ದಿನ ದಾರಿ ತೋರಿಸುತ್ತವೆ. ಖೇಡಾದ ತಂಡ ಊರಿನ ಆಡುಮಾತನ್ನು ಹುಡುಕಿಕೊಂಡು ಹೋಯಿತಲ್ಲ, ನಮ್ಮ ಬಳಿ ಆ ಮಾತು ಇದ್ದೇ ಇದೆ. ವೇದಿಕೆಯಲ್ಲಿ ನರ್ಸ್‌ಗಳಿದ್ದೀರಿ, ನಿವೃತ್ತ ಶಿಕ್ಷಕಿಯರಿದ್ದೀರಿ, ಮೂವತ್ತು ವರ್ಷದಿಂದ ಗುಜರಾತಿಯನ್ನು ಅಚ್ಚುಕಟ್ಟಾಗಿ ಆಡುವವರಿದ್ದೀರಿ. ಅಹಮದಾಬಾದ್, ವಡೋದರಾ, ಸೂರತ್ ಮೂರು ಕಡೆಯಿಂದಲೂ ಕೆಲವು ಹೆಸರುಗಳು ಸಿಕ್ಕರೆ, ಕನ್ನಡದ ಹಿರಿಯರೊಬ್ಬರು ವೈದ್ಯರೊಂದಿಗೆ ಮಾತಾಡುವಾಗ ನಮ್ಮಲ್ಲೊಬ್ಬಳು ಫೋನಿನಲ್ಲಿ ಮೂರನೆಯವಳಾಗಿ ಕೂತು ಆ ಕಡೆಯ ಮಾತು ಈ ಕಡೆಗೆ, ಈ ಕಡೆಯದು ಆ ಕಡೆಗೆ ಹೇಳಬಹುದು. ಹಣ ಬೇಡ, ಕಟ್ಟಡ ಬೇಡ, ವಾರಕ್ಕೆ ಅರ್ಧ ಗಂಟೆ ಸಾಕು.

ಕಾಯಿಲೆಯವರನ್ನು ನೋಡಿ ಬರುವುದಕ್ಕೆ ಗುಜರಾತಿಯಲ್ಲಿ ‘ಖಬರ್ ಕಾಢವಾ ಜವುಂ’ ಎನ್ನುತ್ತಾರೆ. ಹೋಗಿ ಕ್ಷೇಮ ವಿಚಾರಿಸುವುದು ಎಂದರ್ಥ. ನಮ್ಮ ಅಕ್ಕಪಕ್ಕದ ಬೆನ್‌ಗಳು ಅದನ್ನು ಒಂದು ಕರ್ತವ್ಯದಂತೆ ಮಾಡುತ್ತಾರೆ, ನಾವೂ ಅವರಿಂದ ಕಲಿತಿದ್ದೇವೆ. ಆ ಪಟ್ಟಿಗೆ ಮೊದಲ ಹೆಸರಾಗಿ ನನ್ನದನ್ನು ಬರೆದಿಟ್ಟಿದ್ದೇನೆ. ಮುಂದಿನ ತಿಂಗಳ ಸಭೆಗೆ ಬರುವಾಗ ನೀವೂ ನಿಮ್ಮ ಹೆಸರು, ನಿಮಗೆ ಬರುವ ಭಾಷೆಗಳು ಮತ್ತು ಬಿಡುವಿನ ವೇಳೆಯನ್ನು ಬರೆದು ತನ್ನಿ.